ಎರಡು ನಿಮಿಷ ಹದಿನಾಲ್ಕನೇ ಸೆಕೆಂಡು

ಎರಡು ನಿಮಿಷ ಹದಿನಾಲ್ಕನೇ ಸೆಕೆಂಡಿಗೆ
ಒಂದು ಸದ್ದು ಬರುತ್ತದೆ, ಕೇಳಿ.
ಅದು ಡ್ರಮ್ಮಲ್ಲ.
ದಾದಾಪೀರನ ಕೈ ಅಷ್ಟು ಸಮ ಬೀಳುವುದಿಲ್ಲ,
ಮದುವೆ ಬ್ಯಾಂಡಿನಲ್ಲಿ ಬೆಳೆದ ಕೈ,
ಮದುಮಗನ ಕುದುರೆ ಮುಂದಾದರೆ ತಾನೂ ಮುಂದಾಗುತ್ತದೆ.

ಬಳ್ಳಾರಿ, ಕೌಲ್‌ಬಜಾರು,
ಶೆಟರ್ ಅರ್ಧ ಇಳಿಸಿದ ಹೊಲಿಗೆ ಶೆಡ್ಡು.
ಹಗಲು ಅಲ್ಲಿ ನಾನು ಕಟಿಂಗ್ ಮಾಸ್ತರ,
ನಲವತ್ತು ಪದರ ಡೆನಿಮ್ ಒಂದೇ ಸಲಕ್ಕೆ ಕೊಯ್ಯುವವನು.
ರಾತ್ರಿ ಹತ್ತರ ಮೇಲೆ ಬೇಸ್ ಗಿಟಾರು.
ಸ್ಟುಡಿಯೋ ಅಂದರೆ ತಾಸಿಗೆ ಎಂಟುನೂರು, ಅದೂ ಹುಬ್ಬಳ್ಳಿಯಲ್ಲಿ;
ಇಲ್ಲಿ ಮಾಲೀಕರು ಬಿಟ್ಟಿ ಕೊಟ್ಟಿದ್ದರು
ಕರೆಂಟು ಬಿಲ್ಲು ನಮ್ಮದೆಂಬ ಷರತ್ತಿಗೆ.
ತಗಡಿನ ಗೋಡೆ ಮಾತನ್ನು ವಾಪಸ್ ಎಸೆಯುತ್ತಿತ್ತು.
ಗಾದಿಲಿಂಗ ಲ್ಯಾಪ್‌ಟಾಪಿನಿಂದ ತಲೆಯೆತ್ತಿ
"ಪ್ಯಾಂಟು ತೂಗಾಕ್ರಲೇ" ಅಂದ.
ತೂಗುಹಾಕಿದೆವು. ಎಂಟುನೂರು,
ಇನ್ನೂ ಕಲ್ಲಿನ ಜೊತೆ ತೊಳೆಯದ, ಮುಟ್ಟಿದರೆ ನೀಲಿ ಬಿಡುವ
ಒರಟು ಪ್ಯಾಂಟು,
ತಲೆಯಿಲ್ಲದ ಸಭಿಕರು.
ಪ್ರತಿಧ್ವನಿ ಸತ್ತಿತು.

ಇಂಗ್ಲೆಂಡಿನ ಯಾವುದೋ ಮಳೆಯೂರಿನ ಹುಡುಗರು
ಸ್ವೆಟರ್ ತೊಟ್ಟು ಬಾರಿಸಿದ ಗಿಟಾರು ಕೇಳಿ ಕೆಟ್ಟವರು ನಾವು.
ಇಲ್ಲಿ ಮೇ ತಿಂಗಳು. ನಡುರಾತ್ರಿಗೂ ಕೋಟೆಗುಡ್ಡ
ಹಗಲು ನುಂಗಿದ ಬಿಸಿ ಉಗುಳುತ್ತಿತ್ತು.
ಟೇಕಿಗೊಮ್ಮೆ ತಂತಿ ಸಡಿಲಾಗಿ ಶ್ರುತಿ ಇಳಿಯುವುದು,
ಫ್ಯಾನು ಹಾಕಿದರೆ ಮೈಕಿಗೆ ಗಾಳಿ,
ಆರಿಸಿದರೆ ಆರೋಗ್ಯಮೇರಿಯ ಬೆರಳಿಂದ ಪಿಕ್ಕು ಜಾರುವುದು.
ಅವಳ ಗಿಟಾರು ಕಂಟೋನ್ಮೆಂಟಿನ ಚರ್ಚಿನದು.
ಕ್ರಿಸ್ಮಸ್ಸಿಗೆ ವಾಪಸ್ ಎಂದು ಪಾದ್ರಿಯವರಿಗೆ ಮಾತು ಕೊಟ್ಟಿದ್ದಳು,
ಯಾವ ಕ್ರಿಸ್ಮಸ್ಸು ಎಂದು ಅವರು ಕೇಳಿರಲಿಲ್ಲ.

ಹಾಡಿನಲ್ಲಿ ಅಂಥದ್ದೇನಿಲ್ಲ.
ಅದಿರಿನ ಲಾರಿಗಳು ದಾಟಲೆಂದು
ರಸ್ತೆಯ ಈಚೆ ಒಬ್ಬ, ಆಚೆ ಒಬ್ಬಳು;
ಕೊನೆಯ ಲಾರಿಯ ಕೆಂಪು ಇಳಿದಾಗ ಆಚೆ ಯಾರಿಲ್ಲ.
ಅಲ್ಲಿ ಎಂಟು ಮಾತ್ರೆ ಮೌನ ಬೇಕೆಂದು ಮೇರಿಯ ಹಟ.
"ಅಷ್ಟೊತ್ತಿಗೆ ಜನ ಬ್ಯಾರೆ ಹಾಡಿಗೆ ಹೋಗ್ತಾರ" ಅಂದೆ.
"ಹೋಗ್ಲಿ" ಅಂದಳು.

ಮೂಲೆಯಲ್ಲಿ ರಂಜಾನ್‌ಬಿ. ಏಳನೇ ನಂಬರ್ ಮಷೀನು.
ಬೆಳಗಿನ ಲಾರಿಗೆ ಮಾಲು, ಪೀಸಿಗೆ ಆರು ರೂಪಾಯಿ.
ನಾವು ಕೈಯೆತ್ತಿದಾಗಲೆಲ್ಲ ಅವಳು ಪೆಡಲಿನಿಂದ ಕಾಲು ತೆಗೆಯಬೇಕು.
ಹತ್ತು ಸಲ ತೆಗೆದಳು.
ಹತ್ತು ಸಲ ಕೆಡಿಸಿದೆವು.
ಒಮ್ಮೆ ದಾದಾಪೀರ ಸೀನಿದ,
ಒಮ್ಮೆ ಗೂಡ್ಸ್ ರೈಲು, ಐವತ್ತೆಂಟು ಡಬ್ಬಿ, ಎಣಿಸುತ್ತ ಕೂತೆ,
ಒಮ್ಮೆ ಎಲ್ಲ ಸರಿಯಿತ್ತು, ಗಾದಿಲಿಂಗ ಬಟನ್ನೇ ಒತ್ತಿರಲಿಲ್ಲ.
ಅವಳು ಏನೂ ಅನ್ನಲಿಲ್ಲ.
ಮಷೀನಿನ ಹಲಗೆಯ ಮೇಲೆ ಬಳಪದಿಂದ ಗೀಟು ಎಳೆಯುತ್ತಿದ್ದಳು.

ಹನ್ನೊಂದನೆಯದು.
ಕೈಯೆತ್ತಿದೆವು, ನಿಲ್ಲಿಸಿದಳು.
ಹಾಡು ಏರಿ, ಇಳಿದು,
ಮೇರಿಯ ಮೌನಕ್ಕೆ ಬಂದು ನಿಂತಿತು ನೋಡಿ,
ಆಗ ಒತ್ತಿದಳು.
ಒಂದು ಕಾಲಿನ ಒಳಹೊಲಿಗೆ, ತೊಡೆಯಿಂದ ಪಾದದ ಮಡಿಕೆಯವರೆಗೆ,
ಎಲ್ಲೂ ತಡೆಯದೆ, ಎಂಟೇ ಮಾತ್ರೆ.
ದಾರ ಕತ್ತರಿಸಿದ ಸಣ್ಣ ಚಕ್ಕಿಗೆ
ದಾದಾಪೀರನ ಕೋಲು ತಾನಾಗಿ ಬಿತ್ತು.

ಬೆಳಿಗ್ಗೆ ಎಂಟುನೂರು ಪ್ಯಾಂಟೂ ಲಾರಿ ಹತ್ತಿದವು,
ಕೆಟ್ಟ ಹತ್ತು ಟೇಕುಗಳನ್ನು ಜೇಬಲ್ಲಿಟ್ಟುಕೊಂಡು.
ಯಾವೂರಲ್ಲಿ ಯಾರು ತೊಟ್ಟಿದ್ದಾರೋ,
ಜೇಬಿಗೆ ಕೈ ಹಾಕಿದರೆ ಒಂದು ಸೀನು ಸಿಗಬಹುದು.

ಮಿಕ್ಸ್ ಮಾಡುವಾಗ ಮೂರು ದಿನ ಆ ಸದ್ದು ತೆಗೆಸಲು ನೋಡಿದೆ,
ಅಲ್ಲಿ ನನ್ನ ಬೇಸ್ ಕೇಳಲೆಂದು. ಸುಳ್ಳೇಕೆ.
ತೆಗೆದರೆ ಹಾಡು ಅಲ್ಲೇ ಬಿಚ್ಚಿಕೊಳ್ಳುತ್ತಿತ್ತು.

"ಹೆಸರು ಹಾಕ್ತೀವಿ ಬೂಬಮ್ಮಾ" ಅಂದರೆ
"ನನ್ ಹೆಸರ್ಯಾಕಪಾ, ಅಳಿಯ ನೋಡಿದ್ರ
ಮುದುಕಿ ಕುಣಿಯಾಕ ಹೋಗ್ಯಾಳ ಅಂತಾನ.
ಮಷೀನಿಂದು ಹಾಕ್ರಿ.
ಆಮ್ಯಾಲೆ ನಿಂತಿದ್ದು ಮೂವತ್ತೊಂದು ಪೀಸು,
ನೂರಾ ಎಂಬತ್ತಾರು ಆತು."
ಇನ್ನೂರು ಕೊಟ್ಟೆವು.
ಸೆರಗಿನ ಗಂಟು ಬಿಚ್ಚಿ
ಹದಿನಾಲ್ಕು ರೂಪಾಯಿ ಚಿಲ್ಲರೆ ಎಣಿಸಿ ಕೈಗಿಟ್ಟಳು.

ಎರಡನೇ ಹಾಡು ರೆಡಿ ಇದೆ.
ಪ್ಯಾಂಟಿನ ಆರ್ಡರು ಇನ್ನೂ ಬಂದಿಲ್ಲ.